ಬುಲ್ಸಾರಾ ಎಂಬ ಅಡ್ಡಹೆಸರು

ಸೂರತ್ತಿನಿಂದ ಮುಂಬೈ ಕಡೆಗೆ ರೈಲಿನಲ್ಲಿ ಹೊರಟರೆ ನವಸಾರಿ, ಬಿಲಿಮೋರಾ ದಾಟಿದ ಮೇಲೆ ವಲ್ಸಾಡ್ ಬರುತ್ತದೆ. ಬ್ರಿಟಿಷರ ಕಾಲದಲ್ಲಿ ಇದು ಬುಲ್ಸಾರ್. ಆಫೀಸ್ ಕೆಲಸಕ್ಕೆಂದು ವಡೋದರಾದಿಂದ ಮುಂಬೈಗೆ ಓಡಾಡುವ ನಾನು ಈ ಸ್ಟೇಷನ್ನನ್ನು ಎಷ್ಟೋ ಸಲ ನಿದ್ದೆಗಣ್ಣಲ್ಲೇ ದಾಟಿದ್ದೇನೆ. ಕಾಲೇಜಿನ ದಿನಗಳಿಂದ ಇಯರ್‌ಫೋನಿನಲ್ಲಿ ಕೇಳುತ್ತ ಬಂದ ಗಾಯಕನ ಮನೆತನದ ಹೆಸರು ಈ ಊರಿನದೇ ಎಂದು ಹೊಳೆದದ್ದು ಬಹಳ ತಡವಾಗಿ.

ಫ್ರೆಡ್ಡಿ ಮರ್ಕ್ಯುರಿಯ ಹುಟ್ಟುಹೆಸರು ಫರೋಖ್ ಬುಲ್ಸಾರಾ. ಹುಟ್ಟಿದ್ದು 1946ರ ಸೆಪ್ಟೆಂಬರ್ 5ರಂದು, ಜಾಂಜಿಬಾರ್ ದ್ವೀಪದಲ್ಲಿ. ತಂದೆ ಬೋಮಿ, ತಾಯಿ ಜೇರ್, ಇಬ್ಬರೂ ಗುಜರಾತ್ ಮೂಲದ ಪಾರ್ಸಿಗಳು. ತಂದೆ ಅಲ್ಲಿ ಬ್ರಿಟಿಷ್ ಸರ್ಕಾರದ ನೌಕರ. ಎಂಟರ ಹುಡುಗನನ್ನು ಹಡಗು ಹತ್ತಿಸಿ ಪಂಚಗಣಿಯ ಸೇಂಟ್ ಪೀಟರ್ಸ್ ಶಾಲೆಗೆ ಕಳಿಸಿದರು. ‘ಫ್ರೆಡ್ಡಿ’ ಆದದ್ದು ಅಲ್ಲಿ. ‘ಹೆಕ್ಟಿಕ್ಸ್’ ಎಂಬ ಶಾಲಾ ಬ್ಯಾಂಡಿನಲ್ಲಿ ಪಿಯಾನೊ ನುಡಿಸಿದ್ದೂ ಅಲ್ಲೇ. 1964ರಲ್ಲಿ ಜಾಂಜಿಬಾರಿನಲ್ಲಿ ಕ್ರಾಂತಿಯಾದಾಗ ಕುಟುಂಬ ಲಂಡನ್ ಹತ್ತಿರದ ಫೆಲ್ತಮ್ ಸೇರಿತು. ಈಲಿಂಗ್ ಕಲಾಶಾಲೆಯಲ್ಲಿ ಗ್ರಾಫಿಕ್ ಕಲೆ ಕಲಿತ ಹುಡುಗ ಹೀಥ್ರೂ ವಿಮಾನ ನಿಲ್ದಾಣದಲ್ಲಿ ಸಾಮಾನು ಹೊತ್ತದ್ದೂ ಉಂಟು. 1970ರಲ್ಲಿ ಬ್ರಯನ್ ಮೇ, ರೋಜರ್ ಟೇಲರ್ ಜೊತೆ ಸೇರಿ ‘ಕ್ವೀನ್’ ಕಟ್ಟಿದ. ಬುಲ್ಸಾರಾ ಹೋಗಿ ಮರ್ಕ್ಯುರಿ ಬಂತು.

ನಮ್ಮಲ್ಲಿ ಅವನ ಬಗ್ಗೆ ಎರಡು ಮಾತು ಚಾಲ್ತಿಯಲ್ಲಿವೆ. ಒಂದು, ಅವನು ನಮ್ಮವನು. ಇನ್ನೊಂದು, ನಮ್ಮವನೆಂಬುದನ್ನು ಮುಚ್ಚಿಟ್ಟ. ಎರಡನ್ನೂ ಒಬ್ಬರೇ ಒಂದೇ ಉಸಿರಿನಲ್ಲಿ ಹೇಳುವುದನ್ನು ಕೇಳಿದ್ದೇನೆ. ಎರಡೂ ಅವನ ಹಾಡನ್ನು ಸರಿಯಾಗಿ ಕೇಳಲು ಬಿಡುವುದಿಲ್ಲ ಎಂಬುದು ನನ್ನ ತಕರಾರು.

ಹೆಸರಿನ ವಿಷಯವನ್ನೇ ಮೊದಲು ನೋಡೋಣ. ಬುಲ್ಸಾರಾ ಎಂದರೆ ಬುಲ್ಸಾರಿನವರು. ಬುಲ್ಸಾರಿನಲ್ಲೇ ಕೂತವನನ್ನು ಹಾಗೆ ಕರೆದು ಏನು ಪ್ರಯೋಜನ? ಊರಿಗೆ ಊರೇ ಬುಲ್ಸಾರಿನದು. ನಮ್ಮ ಗೋಕಾಕ, ಕಾರ್ನಾಡ ಎಂಬ ಹೆಸರುಗಳೂ ಹಾಗೇ ಅಲ್ಲವೆ? ಊರು ಹೆಸರಿಗೆ ಅಂಟುವುದು ಊರು ಬಿಟ್ಟ ಮೇಲೆ. ಅಂದರೆ ಬುಲ್ಸಾರಾ ಎಂಬುದೇ ವಲಸೆಯ ಹೆಸರು, ಯಾರೋ ಹಿರಿಯರು ಹೊರಟುಹೋದದ್ದರ ಗುರುತು. ಮೊಮ್ಮಗ ಇನ್ನಷ್ಟು ದೂರ ಹೋದ, ಇನ್ನೊಂದು ಹೆಸರು ಇಟ್ಟುಕೊಂಡ. ಮೊದಲನೆಯದನ್ನು ಪರಂಪರೆ ಎಂದೂ ಎರಡನೆಯದನ್ನು ದ್ರೋಹ ಎಂದೂ ಕರೆಯುವ ತರ್ಕ ನನಗೆ ಹಿಡಿಸುವುದಿಲ್ಲ.

ಈಗ ಹಾಡು. ಮರ್ಕ್ಯುರಿಯನ್ನು ಹೆವಿ ಮೆಟಲ್ ಗಾಯಕ ಎನ್ನಬಹುದೇ? ಕ್ರಿಕೆಟ್ ಮೈದಾನದಲ್ಲಿ ಮೊಳಗುವ ಎರಡು ಹಾಡುಗಳಷ್ಟೇ ಗೊತ್ತಿರುವವರು ನಕ್ಕಾರು. 1974ರ ಎರಡು ಆಲ್ಬಮ್‌ಗಳನ್ನು ಕೇಳಿ. ‘ಕ್ವೀನ್ 2’ರ ಒಂದು ಮಗ್ಗುಲಿಗೆ ‘ಬಿಳಿ’, ಇನ್ನೊಂದಕ್ಕೆ ‘ಕಪ್ಪು’ ಎಂದು ಹೆಸರು. ಕಪ್ಪು ಮಗ್ಗುಲಿನ ಹಾಡುಗಳೆಲ್ಲ ಮರ್ಕ್ಯುರಿ ಬರೆದು ಹಾಡಿದವು. ಅದರ ಮೊದಲ ಹಾಡು ‘ಓಗರ್ ಬ್ಯಾಟಲ್’ನಲ್ಲಿ ಗಿಟಾರಿನ ಓಟಕ್ಕೂ ಕಿರುಚಾಟಕ್ಕೂ ಬಿಡುವೇ ಇಲ್ಲ. ಅದೇ ವರ್ಷದ ‘ಶೀರ್ ಹಾರ್ಟ್ ಅಟ್ಯಾಕ್’ನ ‘ಸ್ಟೋನ್ ಕೋಲ್ಡ್ ಕ್ರೇಜಿ’ ಎರಡೂಕಾಲು ನಿಮಿಷದ ಹಾಡು. ಪದಗಳು ಗುಂಡಿನಂತೆ ಉದುರುತ್ತವೆ. ಮೆಟಾಲಿಕಾ ಅದನ್ನು ಮತ್ತೆ ಹಾಡಿ 1991ರಲ್ಲಿ ಮೆಟಲ್ ವಿಭಾಗದ ಗ್ರ್ಯಾಮಿ ಪಡೆಯಿತು. 1992ರ ಏಪ್ರಿಲ್‌ನಲ್ಲಿ ವೆಂಬ್ಲಿಯಲ್ಲಿ ನಡೆದ ಸ್ಮರಣೆಯ ಕಛೇರಿಗೆ ಮೆಟಾಲಿಕಾ, ಗನ್ಸ್ ಎನ್ ರೋಸಸ್, ಬ್ಲ್ಯಾಕ್ ಸಬ್ಬತ್‌ನ ಟೋನಿ ಅಯೋಮಿ ಎಲ್ಲ ಬಂದಿದ್ದರು. ಮೆಟಲ್ ಮಂದಿಗೆ ಅವನು ಯಾರೆಂಬ ಅನುಮಾನವೇ ಇರಲಿಲ್ಲ.

2016ರಲ್ಲಿ ಯುರೋಪಿನ ಧ್ವನಿವಿಜ್ಞಾನಿಗಳು ಅವನ ಕಂಠವನ್ನು ಅಳೆದರು. ನಾಲ್ಕು ಸಪ್ತಕದ ದಂತಕಥೆಗೆ ಅವರಿಗೆ ಆಧಾರ ಸಿಗಲಿಲ್ಲ. ಸಿಕ್ಕಿದ್ದು ಬೇರೆ: ಸೆಕೆಂಡಿಗೆ ಸುಮಾರು ಏಳು ಸಲ ತೂಗುವ, ಶಾಸ್ತ್ರೀಯ ಗಾಯಕರಿಗಿಂತ ವೇಗದ ಕಂಪನ. ಜೊತೆಗೆ, ಒರಟಾಗಿ ಹಾಡುವಾಗ ಧ್ವನಿತಂತುಗಳ ಮೇಲಿನ ಮಡಿಕೆಗಳೂ ಕಂಪಿಸುತ್ತಿದ್ದಿರಬೇಕು ಎಂಬ ಸುಳಿವು. ತುವಾ ಪ್ರದೇಶದ ಗಂಟಲುಗಾಯಕರು ಬಳಸುವ ಉಪಾಯವದು. ಆ ಗರಗಸದ ಸದ್ದು ಕೈತಪ್ಪಿ ಬಂದದ್ದಲ್ಲ. ಬೇಕೆಂದಾಗ ತಂದು, ಬೇಡವೆಂದಾಗ ಬಿಟ್ಟು ಹಾಡಿದ್ದಾನೆ.

ವಲ್ಸಾಡ್ ಜಿಲ್ಲೆಯಲ್ಲೇ ಸಂಜಾನ್ ಇದೆ. ಪಾರ್ಸಿಗಳು ಬಂದಿಳಿದಾಗ ರಾಜ ತುಂಬಿದ ಹಾಲಿನ ಪಾತ್ರೆ ಕಳಿಸಿದನಂತೆ. ಅವರು ಅದಕ್ಕೆ ಸಕ್ಕರೆ ಬೆರೆಸಿ ಮರಳಿಸಿದರಂತೆ. ಪರಊರಲ್ಲಿ ದುಡಿಯುವ ನಮಗೂ ಇಷ್ಟವಾಗುವ ಕತೆ. ಆದರೆ ಅದರೊಳಗೆ ಒಂದು ಷರತ್ತಿದೆ: ಪಾತ್ರೆ ತುಳುಕಬಾರದು. ಕಪ್ಪು ಮಗ್ಗುಲಿನ ಹಾಡುಗಳಲ್ಲಿ ಮರ್ಕ್ಯುರಿ ಆ ಷರತ್ತಿಗೆ ಒಪ್ಪಿಲ್ಲ. ಹಲವು ವರ್ಷ ಪಂಚಗಣಿಯ ಹಾಸ್ಟೆಲಿನಲ್ಲೂ, ಆಮೇಲೆ ಫೆಲ್ತಮ್‌ನಲ್ಲೂ ಹೊಂದಿಕೊಂಡು ಬದುಕಿದವನು ವೇದಿಕೆಯ ಮೇಲೆ ಹೊಂದಿಕೊಳ್ಳಲು ನಿರಾಕರಿಸಿದ.

2018ರ ‘ಬೊಹೀಮಿಯನ್ ರಾಪ್ಸೊಡಿ’ ಚಿತ್ರದ ಮೇಲೆ ನನ್ನ ಕೋಪ ಇದಕ್ಕೇ. ಚಿತ್ರದಲ್ಲಿ ಅವನಿಗೆ ಏಡ್ಸ್ ಇರುವುದು 1985ರ ಜುಲೈ 13ರ ಲೈವ್ ಏಡ್‌ಗೆ ಮೊದಲೇ ತಿಳಿಯುತ್ತದೆ. ಗೊತ್ತಾದದ್ದು 1987ರಲ್ಲಿ ಎಂದು ಆಪ್ತರು ಹೇಳಿದ್ದಾರೆ. ಒಡೆದುಹೋದ ತಂಡ ಅಲ್ಲಿ ಒಂದಾಯಿತೆಂದು ತೋರಿಸುತ್ತಾರೆ. ತಂಡ ಎರಡು ತಿಂಗಳ ಹಿಂದಷ್ಟೇ ಪ್ರವಾಸ ಮುಗಿಸಿತ್ತು. ತಪ್ಪಿ ನಡೆದವನು ಪಶ್ಚಾತ್ತಾಪಪಟ್ಟು ಅಪ್ಪನ ಮನೆಗೆ ಮರಳುವ ಕತೆ ಬೇಕಾಗಿತ್ತು, ಹೆಣೆದರು.

ಹಾಗೆಂದು ಅವನಿಗೆ ಎಲ್ಲಕ್ಕೂ ವಿನಾಯಿತಿ ಕೊಡಲಾರೆ. 1984ರಲ್ಲಿ ವರ್ಣಭೇದದ ದಕ್ಷಿಣ ಆಫ್ರಿಕಾಕ್ಕೆ ಹೋಗಿ ಸನ್ ಸಿಟಿಯಲ್ಲಿ ಕ್ವೀನ್ ಹಾಡಿತು. ಬ್ರಿಟನ್ನಿನ ಸಂಗೀತಗಾರರ ಸಂಘ ದಂಡ ಹಾಕಿತು. ಆಫ್ರಿಕಾದಲ್ಲೇ ಹುಟ್ಟಿದ ಕಂದುಬಣ್ಣದ ಗಾಯಕನೊಬ್ಬ ಅಲ್ಲಿ ಹಾಡಿದ್ದು ಇವತ್ತಿಗೂ ಚುಚ್ಚುತ್ತದೆ. ನಾನು ಯಾರೆಂದು ಹೇಳಲಾರೆ ಎನ್ನುವುದು ಹಕ್ಕು. ಇನ್ನೊಬ್ಬರು ಯಾರೆಂಬ ಕಾರಣಕ್ಕೇ ತುಳಿಸಿಕೊಳ್ಳುತ್ತಿರುವಾಗ ಅದನ್ನು ಕಾಣದಿರುವುದು ಆ ಹಕ್ಕಿನೊಳಗೆ ಬರುವುದಿಲ್ಲ. ಕಾಯಿಲೆಯ ವಿಷಯವನ್ನು ಅವನು ಲೋಕಕ್ಕೆ ಹೇಳಿದ್ದು 1991ರ ನವೆಂಬರ್ 23ರಂದು. ಮರುದಿನ ತೀರಿಕೊಂಡ, 45ನೇ ವಯಸ್ಸಿಗೆ. ಆ ಮೌನವನ್ನು ಮಾತ್ರ ಪ್ರಶ್ನಿಸಲು ನನಗೆ ಬಾಯಿ ಬರುವುದಿಲ್ಲ. ಏಡ್ಸ್ ಬಂದವರನ್ನು ಅಂದಿನ ಪತ್ರಿಕೆಗಳು ನಡೆಸಿಕೊಂಡ ರೀತಿಯನ್ನು ಓದಿದ್ದೇನೆ. ಅಂತ್ಯಸಂಸ್ಕಾರ ಪಾರ್ಸಿ ಅರ್ಚಕರ ಮಂತ್ರದೊಂದಿಗೆ ನಡೆಯಿತು. ಮುಚ್ಚಿಟ್ಟ ಎನ್ನುವವರು ಇದನ್ನು ಮರೆಯುತ್ತಾರೆ.

ಇಷ್ಟೆಲ್ಲ ಯಾಕೆ ಬರೆಯುತ್ತಿದ್ದೇನೆಂದರೆ, ಹದಿನೆಂಟು ವರ್ಷಗಳಿಂದ ಕ್ಲೈಂಟ್ ಕಾಲ್‌ಗಳಲ್ಲಿ ನನ್ನ ಐದಕ್ಷರದ ಹೆಸರು ಎರಡಕ್ಷರವಾಗಿದೆ. ಕತ್ತರಿಸಿದವನು ನಾನೇ, ಯಾರೂ ಕೇಳಿರಲಿಲ್ಲ. ಇಲ್ಲೇ ಹುಟ್ಟಿದ ಮಗಳು ಕನ್ನಡಕ್ಕಿಂತ ಗುಜರಾತಿಯನ್ನು ಸಲೀಸಾಗಿ ಆಡುತ್ತಾಳೆ. ಊರಿಗೆ ಹೋದಾಗ ನೆಂಟರು ಅವಳಿಂದ ಲೆಕ್ಕ ಕೇಳುತ್ತಾರೆ: ನೀನು ಎಷ್ಟು ನಮ್ಮವಳು? ಮರ್ಕ್ಯುರಿಯನ್ನು ಕೇಳುವ ಪ್ರಶ್ನೆಯೂ ಅದೇ. ಉತ್ತರ ಕೊಡದೆ ಅವನು ಕೆಲಸ ಮಾಡಿದ.

ಹೊಸದಾಗಿ ಕೇಳುವವರು ‘ಓಗರ್ ಬ್ಯಾಟಲ್’ನಿಂದ ಶುರುಮಾಡಿ. ಹಾಡಿನ ಕೊನೆಯ ಭಾಗದ ಟೇಪನ್ನೇ ತಿರುಗುಮುರುಗಾಗಿ ಓಡಿಸಿ ಆರಂಭಕ್ಕೆ ಜೋಡಿಸಿದ್ದಾರೆ. ವಾಲ್ಯೂಮ್ ಮಾತ್ರ ಪಕ್ಕದ ಮನೆಯವರನ್ನು ನೋಡಿಕೊಂಡು.