ಗುಜರಿಯ ರಾಶಿಯಲ್ಲಿ ರಸಿಕನ ಕಣ್ಣು

ಗುಜರಿ ಅಂಗಡಿಯ ತಕ್ಕಡಿಗೆ ಹಿತ್ತಾಳೆಯೆಲ್ಲ ಒಂದೇ. ಅದು ಅಜ್ಜನ ಕಾಲದ ಗಿಂಡಿಯಾಗಿರಲಿ, ಕೆಟ್ಟುಹೋದ ನಲ್ಲಿಯಾಗಿರಲಿ. ಆ ರಾಶಿಯ ಮುಂದೆ ಒಬ್ಬನು ಕುಕ್ಕುರುಗಾಲಲ್ಲಿ ಕುಳಿತು, ನಾಲ್ಕು ಸಾಮಾನು ಸರಿಸಿ, ಗಿಂಡಿಯನ್ನೇ ಎತ್ತಿಕೊಂಡನೆಂದರೆ ಅಲ್ಲಿ ನಡೆದದ್ದು ಬರಿಯ ವ್ಯಾಪಾರವಲ್ಲ. ವಿಮರ್ಶೆಯ ಮೊದಲ ಕೆಲಸವೂ ನಡೆದಂತಾಯಿತು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಕಡೆ ಹೀಗೆ ಹಳೆಯ ಸಾಮಾನು ಅರಸುತ್ತ ತಿರುಗುವವರನ್ನು ಹುಚ್ಚರೆಂದೋ ದಲ್ಲಾಳಿಗಳೆಂದೋ ಕರೆದು ಸುಮ್ಮನಾಗುವುದುಂಟು. ಎರಡು ಮಾತಿನಲ್ಲಿಯೂ ಸತ್ಯಾಂಶ ಇಲ್ಲದಿಲ್ಲ. ಆದರೂ ಅವರ ಅಭಿರುಚಿಯನ್ನು, ಒಂದು ಕವನಸಂಗ್ರಹವನ್ನು ತೂಗಿನೋಡುವಷ್ಟೇ ಶ್ರದ್ಧೆಯಿಂದ ತೂಗಿನೋಡಬೇಕೆಂದು ನನಗೆ ತೋರುತ್ತದೆ.

ಈ ಸೀಮೆ ಅಡಿಕೆಯ ಸೀಮೆ. ಸ್ಟೀಲು ಬಂದ ಮೇಲೆ ಇಲ್ಲಿಯ ತಾಮ್ರ ಹಿತ್ತಾಳೆಗಳು ಮೆತ್ತನ್ನೇರಿದವು. ಮನೆ ಹಿಸ್ಸೆಯಾದಾಗ, ಮಕ್ಕಳು ಬೆಂಗಳೂರು ಸೇರಿದಾಗ, ಹಂಚಿನ ಮಾಡು ಕಿತ್ತು ಸ್ಲ್ಯಾಬು ಹಾಕಿಸಿದಾಗ ಮೆತ್ತಿನಿಂದಿಳಿದು ತೂಕಕ್ಕೆ ಹೋದವು. ಬಚ್ಚಲ ಹಂಡೆ, ಕವಳದ ಹರಿವಾಣ, ಉಪ್ಪು ಹಾಕಿಡುವ ಮರದ ಮರಿಗೆ, ರವಿವರ್ಮ ಪ್ರೆಸ್ಸಿನ ಲಕ್ಷ್ಮಿ ಸರಸ್ವತಿಯರ ಪಟ, ಎಲ್ಲವೂ ಒಂದೇ ಗಾಡಿಯಲ್ಲಿ. ಇವುಗಳಲ್ಲಿ ನನ್ನ ಪಕ್ಷಪಾತ ಅಡಕತ್ತರಿಯ ಕಡೆಗೆ. ಎರಡು ಹಿಡಿ, ಒಂದು ಅಲಗು, ಮಾಡುವ ಕೆಲಸವೂ ಒಂದೇ. ಆದರೂ ಕುಶಲಿಯಾದವನು ಅದಕ್ಕೊಂದು ಗಿಣಿಯ ಕೊಕ್ಕನ್ನೋ ಕುದುರೆಯ ಕೊರಳನ್ನೋ ಕೊಡದೆ ಬಿಡಲಿಲ್ಲ. ಬಲ್ಲವನು ಮೊದಲು ನೋಡುವುದು ಈ ಅಲಂಕಾರವನ್ನಲ್ಲ. ಹೆಬ್ಬೆರಳು ಊರುವೆಡೆ ಸವೆದಿದೆಯೆ, ಮತ್ತೆ ಮತ್ತೆ ಸಾಣೆ ಹಿಡಿದು ಅಲಗು ಒಳಬಾಗಿದೆಯೆ, ನಡುವಿನ ಮೊಳೆ ಸಡಿಲಾಗಿದೆಯೆ ಎಂದು ನೋಡುತ್ತಾನೆ. ಹುಳಿ ಹಚ್ಚಿ, ಮಣ್ಣಲ್ಲಿ ಹೂತು, ಕಿಲುಬು ಬರಿಸಿದ ಹೊಸ ಮಾಲಿನಲ್ಲಿ ಹಳತನವು ಎಲ್ಲ ಕಡೆಗೂ ಸಮನಾಗಿ ಹರಡಿರುತ್ತದೆ. ಮನುಷ್ಯನ ಕೈ ಹಾಗೆ ಸಮನಾಗಿ ಸವೆಸುವುದಿಲ್ಲ. ಪ್ರಕ್ಷಿಪ್ತ ಪದ್ಯವನ್ನು ಪತ್ತೆಹಚ್ಚುವ ಗ್ರಂಥಸಂಪಾದಕನ ಜಾಣ್ಮೆಗೂ ಇದಕ್ಕೂ ಬಹಳ ದೂರವಿಲ್ಲ.

ಅಡಕತ್ತರಿಯಂಥ ವಸ್ತುಗಳಿಗೆ ಬದುಕನ್ನೇ ಮುಡಿಪಾಗಿಟ್ಟವರು ಪುಣೆಯ ದಿನಕರ ಕೇಳ್ಕರ್. ‘ಅಜ್ಞಾತವಾಸಿ’ ಎಂಬ ಹೆಸರಿನಲ್ಲಿ ಮರಾಠಿ ಕವಿತೆ ಬರೆದವರು. ದೀಪ, ಅಡಕತ್ತರಿ, ಬಾಗಿಲುವಾಡಗಳನ್ನು ಊರೂರು ತಿರುಗಿ ಕೂಡಿಸಿದರು. ಎಳವೆಯಲ್ಲಿಯೇ ತೀರಿಕೊಂಡ ಮಗ ರಾಜಾನ ಹೆಸರಿಟ್ಟ ಆ ಸಂಗ್ರಹವನ್ನು ಮಹಾರಾಷ್ಟ್ರ ಸರಕಾರಕ್ಕೆ ಒಪ್ಪಿಸಿಬಿಟ್ಟರು. ನಮ್ಮ ಮಣಿಪಾಲದ ವಿಜಯನಾಥ ಶೆಣೈ ಅವರಂತೂ ಸಾಮಾನಿನಲ್ಲಿ ತೃಪ್ತರಾಗದೆ ಹಳೆಯ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ಕಟ್ಟಿದರು. ಇವರಿಬ್ಬರೂ ಇಟ್ಟುಕೊಳ್ಳುವುದಕ್ಕಾಗಿ ಕೂಡಿಸಿದವರು.

ಮಾರುವುದಕ್ಕೆಂದೇ ಕೊಳ್ಳುವವನನ್ನು ಹಳಿಯುವುದು ಸುಲಭ. ಅವನ ಲಾಭದಾಸೆ ಇಲ್ಲದಿದ್ದರೆ ಗಿಂಡಿಯು ಮೂಸೆಯಲ್ಲಿ ಕರಗುತ್ತಿತ್ತು. ಹಿರಿಯರ ಹೆಸರೆತ್ತಿದರೆ ಕಣ್ಣೊರೆಸಿಕೊಳ್ಳುವ ಮನೆಯವನೇ ಅದನ್ನು ತೂಕಕ್ಕೆ ಹಾಕಿದ್ದು. ತನಗೆ ತಿಳಿದದ್ದು ಎದುರಿನವನಿಗೆ ತಿಳಿಯದು ಎಂಬ ಗುಟ್ಟಿನ ಸುಖವೂ ಈ ಬೇಟೆಯಲ್ಲಿ ಸೇರಿದೆ, ನಿಜ. ಗುಜರಿಯವನ ಮುಂದೆ ಅದು ಆಟ. ಅವನು ತನ್ನ ಲೆಕ್ಕ ಬಲ್ಲ. ದೊಡ್ಡ ಮನೆಯಲ್ಲಿ ಒಂಟಿಯಾಗಿ ಉಳಿದ ಅಮ್ಮಮ್ಮನ ಮುಂದೆ ಅದೇ ಗುಟ್ಟು ಮೋಸವಾಗುತ್ತದೆ.

ನನ್ನ ತಕರಾರು ಮಾರಾಟದ ಮೇಲಲ್ಲ, ಮಾರಾಟದಲ್ಲಿ ಕಳೆದುಹೋಗುವುದರ ಮೇಲೆ. ಕಾಶ್ಮೀರದ ಕ್ಷೇಮೇಂದ್ರನು ಔಚಿತ್ಯವನ್ನು ವಿವರಿಸುತ್ತ ಸೊಂಟದ ಡಾಬನ್ನು ಕೊರಳಿಗೆ ಹಾಕಿಕೊಂಡವರನ್ನು ನಕ್ಕಿದ್ದಾನೆ. ಉಪ್ಪಿನ ಮರಿಗೆಯಲ್ಲಿ ಪ್ಲಾಸ್ಟಿಕ್ ಹೂವಿಟ್ಟ ನಗರದ ದಿವಾನಖಾನೆಯನ್ನು ಕಂಡರೆ ಅವನೇನೆನ್ನುತ್ತಿದ್ದನೋ! ಇದನ್ನಾದರೂ ಕ್ಷಮಿಸಬಹುದು. ‘ಮಲೆನಾಡಿನ ಹಳೆಯ ವಸ್ತು’ ಎಂಬ ಒಂದೇ ಚೀಟಿಯನ್ನು ಎಲ್ಲಕ್ಕೂ ಅಂಟಿಸುವುದನ್ನು ಕ್ಷಮಿಸಲಾಗದು. ಶಿರಸಿ, ಸಿದ್ದಾಪುರ, ಸಾಗರ, ಸೊರಬಗಳ ಗುಡಿಗಾರರು ಗಂಧದ ಪೆಟ್ಟಿಗೆಯ ಮೇಲೆ ಬಿಡಿಸಿದ ಬಳ್ಳಿಯು ಯಾವ ಊರಿನದೆಂದು ತಿಳಿದರೆ ಒಂದು ಕೈವಾಡದ ಚರಿತ್ರೆ ತೆರೆಯುತ್ತದೆ. ತಿಳಿಯದಿದ್ದರೆ ಅದು ಬರಿಯ ಪೆಟ್ಟಿಗೆ.

ಎಲ್ಲಕ್ಕಿಂತ ಕೆಟ್ಟ ಗತಿ ತಾಡವಾಲೆಗಳದು. ಕಟ್ಟು ಬಿಚ್ಚಿ, ಒಂದೊಂದು ಗರಿಯನ್ನೂ ಗಾಜಿನ ಚೌಕಟ್ಟಿನಲ್ಲಿಟ್ಟರೆ ಇಡೀ ಕಟ್ಟಿಗಿಂತ ಹೆಚ್ಚು ಹಣ ಬರುತ್ತದೆಯಂತೆ. ಪ್ರತಿಕಾರನ ಹೆಸರು, ಸಂವತ್ಸರ ಸಾಮಾನ್ಯವಾಗಿ ಕೊನೆಯ ಗರಿಯಲ್ಲಿರುತ್ತವೆ. ಅದೊಂದು ಯಾರದೋ ಗೋಡೆ ಸೇರಿತು, ಕೃತಿ ಅನಾಥವಾಯಿತು. 1905ರಲ್ಲಿ ತಂಜಾವೂರು ಸೀಮೆಯ ಪಂಡಿತರೊಬ್ಬರು ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಒಪ್ಪಿಸಿದ ಕಟ್ಟಿನಲ್ಲಿ ಶಾಮಶಾಸ್ತ್ರಿಗಳಿಗೆ ಕೌಟಿಲ್ಯನ ಅರ್ಥಶಾಸ್ತ್ರ ದೊರಕಿತು, 1909ರಲ್ಲಿ ಅಚ್ಚಾಯಿತು. ಆ ಕಟ್ಟನ್ನು ಯಾರಾದರೂ ಗರಿಗರಿಯಾಗಿ ಮಾರಿದ್ದರೆ?

ಕಾನೂನೇನೋ ಇದೆ. 1972ರ ಪುರಾತನ ವಸ್ತುಗಳ ಕಾಯಿದೆಯಂತೆ ನೂರು ವರ್ಷದ ಕಲಾವಸ್ತು, ಎಪ್ಪತ್ತೈದು ವರ್ಷದ ಮಹತ್ವದ ಹಸ್ತಪ್ರತಿ ಪುರಾತನವಸ್ತುಗಳಾಗುತ್ತವೆ. ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ಆದರೆ ಮೆತ್ತಿನಿಂದಿಳಿದ ಗಿಂಡಿಯ ವಯಸ್ಸನ್ನು ಕೇಳುವ ಅಧಿಕಾರಿ ಯಲ್ಲಾಪುರದ ಒಳಹಳ್ಳಿಗೆ ಬರುವುದು ಯಾವಾಗ? ಅಷ್ಟರಲ್ಲಿ ಕೊಂಡವನೇ ಒಂದು ಚೀಟಿ ಬರೆದು ಒಳಗಿಡಬಹುದು: ಯಾವ ಊರು, ಎಷ್ಟು ತಲೆಮಾರಿನ ಮನೆ, ಯಾವ ಕೆಲಸಕ್ಕೆ ಬಳಸುತ್ತಿದ್ದರು, ಮನೆಯ ಹೆಂಗಸರು ಅದನ್ನು ಏನೆಂದು ಕರೆಯುತ್ತಿದ್ದರು. ಇಂಥ ಚೀಟಿಯಿದ್ದ ಅಡಕತ್ತರಿಯು ಹೆಚ್ಚು ಬೆಲೆಗೆ ಹೋದರೆ ಮಾರಿದವನಿಗೂ ನಷ್ಟವೇನಿಲ್ಲ.