ಹಸಿರು ದೀಪದ ಪ್ರಾಮಾಣ್ಯ

ಜಾಲಸಾಧನಗಳ ಮತ್ತು ಸರ್ವರುಗಳ ಮೇಲೆ ನಿಗಾ ಇರಿಸುವ ಪದ್ಧತಿಗೆ ಮುಂಬಯಿಯ ಉದ್ಯಮವಲಯದಲ್ಲಿ ಈಗ ಸಂದಿರುವ ಪ್ರತಿಷ್ಠೆ ಅದರ ಯೋಗ್ಯತೆಯನ್ನು ಮೀರಿದುದೆಂದು ನನ್ನ ನಿಶ್ಚಿತಾಭಿಪ್ರಾಯ. ಬಾಂದ್ರಾ-ಕುರ್ಲಾ ಸಂಕೀರ್ಣದಿಂದ ಐರೋಲಿಯವರೆಗೆ, ಪ್ರತಿಯೊಂದು ರೂಟರಿಗೂ ಸ್ವಿಚ್ಚಿಗೂ ಪರದೆಯ ಮೇಲೊಂದು ಹಸಿರು ಗುರುತು ಮೂಡಿದರೆ ಕಾವಲು ಸಿದ್ಧಿಸಿತೆಂಬ ನಂಬಿಕೆ ಬೇರೂರಿದೆ. ಡಿಸ್ಕು ತುಂಬುವುದನ್ನೂ ಯಂತ್ರದ ತಾಪ ಏರುವುದನ್ನೂ ಈ ಪದ್ಧತಿ ಸಕಾಲದಲ್ಲಿ ತಿಳಿಸುತ್ತದೆಂಬುದನ್ನು ಒಪ್ಪೋಣ. ಆದರೆ ಅದರ ನಿಜವಾದ ಪರೀಕ್ಷೆ ಅಲ್ಲಿಲ್ಲ.

2021ರ ಫೆಬ್ರವರಿ 24ರಂದು ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದ ವ್ಯವಹಾರ ಬೆಳಗ್ಗೆ 11.40ರ ಸುಮಾರಿಗೆ ನಿಂತು, ಮಧ್ಯಾಹ್ನ 3.45ಕ್ಕೆ ಪುನರಾರಂಭಗೊಂಡುದು ಎಲ್ಲರಿಗೂ ನೆನಪಿರುವ ಸಂಗತಿ. ಕೇಂದ್ರವೇ ನೀಡಿದ ವಿವರಣೆಯಂತೆ, ಇಬ್ಬರು ಸೇವಾದಾರರಿಂದ ಪಡೆದ ದೂರಸಂಪರ್ಕ ಕೊಂಡಿಗಳು ರಸ್ತೆ ಅಗೆತದಿಂದ ಅಸ್ಥಿರವಾದುವು. ತತ್ಪರಿಣಾಮವಾಗಿ ಮಾಹಿತಿ ಸಂಗ್ರಹಣ ವ್ಯವಸ್ಥೆ ಅನಿರೀಕ್ಷಿತವಾಗಿ ವರ್ತಿಸಿ ಸರ್ವರುಗಳಿಗೆ ಎಟುಕದಾಯಿತು. ವಹಿವಾಟಿನ ಯಂತ್ರ ನಡೆಯುತ್ತಿದ್ದರೂ ಅಪಾಯ ನಿರ್ವಹಣೆಯ ವ್ಯವಸ್ಥೆ ಲಭ್ಯವಿಲ್ಲದ್ದರಿಂದ ವ್ಯವಹಾರವನ್ನು ನಿಲ್ಲಿಸಬೇಕಾಯಿತು.

ಇಲ್ಲಿ ‘ಅಸ್ಥಿರ’ ಎಂಬ ಸ್ಥಿತಿಯನ್ನೇ ನಾವು ನಿಧಾನವಾಗಿ ಪರಿಶೀಲಿಸಬೇಕು. ಕೊಂಡಿ ಕಡಿದಿರಲಿಲ್ಲ, ಇದ್ದೂ ಇರಲಿಲ್ಲ. ನಮ್ಮ ಬಹುತೇಕ ಕಚೇರಿಗಳಲ್ಲಿ ಎಸ್‌ಎನ್‌ಎಂಪಿ ನಿಯಮಾವಳಿಯ ಮೂಲಕ ಸಾಧನಗಳಿಗೆ ಐದು ನಿಮಿಷಕ್ಕೊಮ್ಮೆ ಸ್ಥಿತಿಯ ಪ್ರಶ್ನೆ ಕೇಳುವ ರೂಢಿ 1995ರ ಎಂಆರ್‌ಟಿಜಿ ಎಂಬ ನಿಗಾ ತಂತ್ರಾಂಶದ ಕಾಲದಿಂದ ಉಳಿದುಬಂದಿದೆ. ಮುನ್ನೂರು ಸೆಕೆಂಡುಗಳಲ್ಲಿ ಹದಿನೈದು ಸೆಕೆಂಡು ಕೊಂಡಿ ಸಂಪೂರ್ಣ ನಿಶ್ಚೇಷ್ಟವಾಗಿದ್ದರೂ ಸರಾಸರಿಯಲ್ಲಿ ಕಾಣುವ ಇಳಿಕೆ ಶೇಕಡ 5 ಮಾತ್ರ. ಎರಡು ಪ್ರಶ್ನೆಗಳ ನಡುವೆ ಬಿದ್ದು ಎದ್ದ ಸಂಪರ್ಕದ್ವಾರ (ಪೋರ್ಟ್) ಎರಡು ಸಾರಿಯೂ ‘ಕ್ಷೇಮ’ವೆಂದೇ ಉತ್ತರಿಸುತ್ತದೆ. ದ್ವಾರದ ಸ್ಥಿತಿ ಕಡೆಯ ಬಾರಿ ಬದಲಾದ ಕಾಲವನ್ನು ತಿಳಿಸುವ ಅಂಶ, ಕೇಳಬಹುದಾದ ಅಂಶಗಳ ಪಟ್ಟಿಯಾದ 1991ರ ಎಂಐಬಿ-2ರಲ್ಲಿಯೇ ಸೇರಿದ್ದರೂ ಅದನ್ನು ಸಂಗ್ರಹಿಸುವವರು ವಿರಳ. ಸಾಧನವೇ ಸ್ವಯಂಪ್ರೇರಿತವಾಗಿ ಕಳುಹಿಸುವ ‘ಟ್ರ್ಯಾಪ್’ ಎಂಬ ಸೂಚನೆಯೋ, ಸ್ವೀಕೃತಿಯ ಪ್ರತ್ಯುತ್ತರವಿಲ್ಲದ ಯುಡಿಪಿಯಲ್ಲಿ, ಅನೇಕ ವೇಳೆ ರೋಗಗ್ರಸ್ತವಾದ ಆ ಜಾಲದ ಮೂಲಕವೇ ಹೊರಡುತ್ತದೆ. ದಾರಿಯಲ್ಲಿ ಕಳೆದುಹೋದರೆ ಕಳುಹಿಸಿದವನಿಗೂ ತಿಳಿಯದು. ಇನ್ನೂ ಗಹನವಾದ ದೋಷವೊಂದಿದೆ: ಎರಡು ಕೊಂಡಿಗಳನ್ನು ಎರಡು ಬೇರೆ ದೀಪಗಳಾಗಿ ತೋರಿಸುವ ಪರದೆ, ಅವೆರಡೂ ಒಂದೇ ಹಾರೆಯ ಏಟಿಗೆ ಸಿಕ್ಕಬಲ್ಲವೇ ಎಂಬ ಪ್ರಶ್ನೆಯನ್ನು ಕೇಳುವುದೇ ಇಲ್ಲ.

ಈ ಪ್ರಸಂಗದಲ್ಲಿ ಮುಂಬಯಿಯ ರಸ್ತೆ ಅಗೆತವನ್ನೇ ಅಪರಾಧಿಯಾಗಿಸಿದ ವಿಮರ್ಶಕರೊಡನೆ ನನಗೆ ತೀವ್ರ ಭಿನ್ನಾಭಿಪ್ರಾಯವಿದೆ. ಮಳೆಗಾಲ ಮುಗಿಯಿತೆಂದರೆ ಮೆಟ್ರೋಗೆ, ಗ್ಯಾಸಿಗೆ, ನೀರಿನ ಕೊಳವೆಗೆ ಈ ನಗರದ ನೆಲ ಅಗೆಸಿಕೊಳ್ಳುತ್ತಲೇ ಇರುತ್ತದೆ; ನಿತ್ಯವಾದುದನ್ನು ಆಕಸ್ಮಿಕವೆಂದು ಕರೆಯುವುದು ವಿಚಾರದ ಆಲಸ್ಯ. ಮತ್ತೊಂದು ಪಂಗಡ ನಿಗಾ ತಂತ್ರಾಂಶಗಳಲ್ಲಿ ನಾಗಿಯೋಸ್ ಹಳೆಯದಾಯಿತು, ಜ್ಯಾಬಿಕ್ಸ್ ಬೇಕು, ಅದೂ ಸಾಲದು ಪ್ರೊಮಿಥಿಯಸ್ ಬೇಕೆಂದು ವಾದಿಸುತ್ತದೆ. ಉಪಕರಣವನ್ನು ಬದಲಾಯಿಸಿ ಪ್ರಶ್ನೆಯನ್ನು ಮಾತ್ರ ಹಾಗೆಯೇ ಉಳಿಸಿಕೊಂಡವರಿಗೆ ಹಳೆಯ ಉತ್ತರವೇ ಹೊಸ ಬಣ್ಣದಲ್ಲಿ ದೊರೆಯುತ್ತದೆ. ಈ ವಾದದಲ್ಲಿ ವ್ಯಯವಾಗುವ ವಿದ್ವತ್ತಿನ ಒಂದಂಶವಾದರೂ, ಯಾವ ಸೇವೆ ಯಾವ ಸಾಧನಗಳನ್ನು ಅವಲಂಬಿಸಿದೆಯೆಂಬ ನಕ್ಷೆಯನ್ನು ಬರೆಯುವುದಕ್ಕೆ ವಿನಿಯೋಗವಾಗಿದ್ದರೆ ನಾನು ಇಷ್ಟು ಕಟುವಾಗಿ ಬರೆಯುತ್ತಿರಲಿಲ್ಲ.

ಘಟನೆಯ ಮರುತಿಂಗಳು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ವಿಧಿಸಿದ ನಿಯಮದಂತೆ, ಮುಖ್ಯ ವ್ಯವಸ್ಥೆಗಳು ಭಂಗಗೊಂಡರೆ 30 ನಿಮಿಷಗಳೊಳಗೆ ಅದನ್ನು ವಿಪತ್ತೆಂದು ಘೋಷಿಸಬೇಕು. ಘೋಷಿಸಿದ 45 ನಿಮಿಷಗಳೊಳಗೆ ಕಾರ್ಯ ಪುನಃಸ್ಥಾಪಿತವಾಗಬೇಕು. ಸಾಧನಗಳ ಕುಶಲವನ್ನಷ್ಟೇ ಬಲ್ಲ ನಿಗಾ ಈ ನಿರ್ಣಯಕ್ಕೆ ನೆರವಾಗದು. ಅಪಾಯದ ಲೆಕ್ಕ ಕಡೆಯದಾಗಿ ಯಶಸ್ವಿಯಾಗಿ ಬರೆಯಲ್ಪಟ್ಟು ಎಷ್ಟು ಸೆಕೆಂಡಾಯಿತು, ಆ ಬರಹ ಪ್ರತಿಯನ್ನು ಕಾಯ್ದಿರಿಸುವ ಎರಡನೆಯ ನಿವೇಶನಕ್ಕೆ ಮುಟ್ಟಿ ಎಷ್ಟು ಹೊತ್ತಾಯಿತು ಎಂಬ ಎರಡೇ ಅಂಕಿಗಳು ಪರದೆಯ ಅಗ್ರಸ್ಥಾನದಲ್ಲಿರಲಿ. ರೂಟರುಗಳ ದೀಪಗಳು ಅವುಗಳ ಕೆಳಗೆ, ಕಾರಣ ಹುಡುಕುವವರ ಉಪಯೋಗಕ್ಕಾಗಿ ಉಳಿಯಲಿ.