ಬಾಲ್ ಪೈಥಾನಿನ ಊಟದ ಹಟ

ಪಶ್ಚಿಮ ಆಫ್ರಿಕಾ ಮೂಲದ ಬಾಲ್ ಪೈಥಾನ್ ಎಂಬ ಹೆಬ್ಬಾವನ್ನು ಅಮೆರಿಕ, ಯುರೋಪಿನಲ್ಲಿ ಸಾಕುವವರು ಬಹಳ. ಊಟದ ವಿಷಯದಲ್ಲಿ ಅದು ಮಹಾ ಹಟಮಾರಿ. ಫ್ರೀಜರಿನಲ್ಲಿಟ್ಟ ಸತ್ತ ಇಲಿಯನ್ನು ತಣ್ಣಗೇ ಕೊಟ್ಟರೆ ಎಷ್ಟೋ ಸಲ ತಿರುಗಿಯೂ ನೋಡದು. ಬಿಸಿನೀರಿನಲ್ಲಿಟ್ಟು ಬೆಚ್ಚಗಾಗಿಸಿ, ಉದ್ದನೆಯ ಇಕ್ಕಳದಲ್ಲಿ ಹಿಡಿದು, ಜೀವವಿದ್ದಂತೆ ಅಲುಗಾಡಿಸಬೇಕು. ತುಟಿಯಂಚಿನ ಕುಳಿಗಳಿಗೆ ಆ ಬಿಸುಪು ತಾಕಿತೋ, ಕಣ್ಣು ಮಿಟುಕಿಸುವಷ್ಟರಲ್ಲಿ (ಮಿಟುಕಿಸುವವರು ನಾವು, ಹಾವಿಗೆ ರೆಪ್ಪೆಯೇ ಇಲ್ಲ) ಇಲಿ ಸುರುಳಿಯೊಳಗೆ! ಸತ್ತದ್ದನ್ನೇ ಬಿಗಿಯಾಗಿ ಹಿಸುಕಿ ಇನ್ನೊಮ್ಮೆ ಕೊಲ್ಲುವ ಅದರ ಶ್ರದ್ಧೆ ನನಗೆ ಬಲು ಇಷ್ಟ. ಆಮೇಲೆ ಇಲಿಯ ತಲೆ ಯಾವ ಕಡೆಗಿದೆಯೆಂದು ನಾಲಗೆ ಚಾಚಿ ನಿಧಾನವಾಗಿ ಹುಡುಕುತ್ತದೆ. ತಲೆಯಿಂದ ನುಂಗಿದರೆ ಕಾಲುಗಳು ಅಡ್ಡ ಬರುವುದಿಲ್ಲ. ಬೆದೆಯ ಕಾಲದಲ್ಲಂತೂ ತಿಂಗಳುಗಟ್ಟಲೆ ಉಪವಾಸ. ಸಾಕಿದವರು ತಕ್ಕಡಿ ಹಿಡಿದು ಕಂಗಾಲಾಗುತ್ತಾರೆ. ಗಟ್ಟಿಮುಟ್ಟಾದ ಹಾವಿನ ತೂಕ ಮಾತ್ರ ಅಷ್ಟೇನೂ ಇಳಿದಿರುವುದಿಲ್ಲ.